ಸರಾಸರಿ ಎಮ್ಮೆ

ಚಾಚಾ ಅವರ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಕಲ್ಲಿನಡಿ ಸಿಕ್ಕು ಹೋದದ್ದು ಮತ್ತೆ ಬರಲೇ ಇಲ್ಲವಂತೆ. ಗೋಡೆ ಎದ್ದ ಮೇಲೆ ಆ ಬೋಳು ಬೆರಳಿನಿಂದಲೇ ಸವರಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುವರು. "ಉಗುರ ಇದ್ದ ಬೆರಳು ಸುಳ್ಳ ಹೇಳ್ತಾವ ಬೇಟಿ," ಎನ್ನುವರು.

ಸದಲಗಾದ ಹಳೇ ಗೌಂಡಿ ಅವರು. ಆ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದರೆ ತಗ್ಗಿನಲ್ಲಿ ದನ, ನಾಲ್ಕು ಮೆಟ್ಟಿಲ ಮೇಲೆ ಪಡಸಾಲೆ, ಪಡಸಾಲೆಯ ಅಂಚಿನಲ್ಲೇ ಮೇವು ಹಾಕುವ ಗ್ವಾದಲಿ. ಅಂಥ ಮನೆ ಕಟ್ಟಬಲ್ಲವರು ಅವರೊಬ್ಬರೇ ಉಳಿದಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಗಂಡುಮಕ್ಕಳಿಬ್ಬರೂ ಸ್ಲ್ಯಾಬ್ ಹಾಕುವ ಕೆಲಸ ಹಿಡಿದಿದ್ದರು. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಅವರ ಜೊತೆಗೇ ಆ ಮನೆಗಳ ಲೆಕ್ಕವೂ ಹೋಗುತ್ತದೆಂದು ನನಗೆ ಹೆದರಿಕೆ.

ಚಿಕ್ಕೋಡಿಯ ಕೋರ್ಟಿನೆದುರು ಮನೆಗಳ ನಕ್ಷೆ ಬರೆದುಕೊಡುವ ಆಫೀಸು ನನ್ನದು. ತೊಂಬತ್ತರ ದಶಕದ ನಡುವೆ ಒಂದು ಕಂಪ್ಯೂಟರ್ ತಂದೆ. ಜಾಗದ ಉದ್ದಗಲ ಹೇಳಿದರೆ ಹಳೆಯ ರೀತಿಯ ಮನೆಯನ್ನು ತಾನೇ ಬರೆದುಕೊಡುವಂಥ ಪ್ರೋಗ್ರಾಮ್ ಮಾಡಬೇಕೆಂಬ ಹುಚ್ಚು ಹಿಡಿಯಿತು. ಚಾಚಾ ಅವರ ಬೆನ್ನಿಗೆ ಬಿದ್ದು ಕೇಳುವಷ್ಟು ತಾಳ್ಮೆ ನನಗೆಲ್ಲಿ? ಟೇಪು ಹಿಡಿದು ಹತ್ತು ಹಳೆಯ ಮನೆ ಅಳೆದೆ, ಕೂಡಿಸಿ ಹತ್ತರಿಂದ ಭಾಗಿಸಿದೆ, ಕೆಲಸ ಮುಗಿಯಿತು ಅಂದುಕೊಂಡೆ.

ಅದರಿಂದ ಮೊದಲು ಎದ್ದದ್ದು ಸದಲಗಾದಲ್ಲಿ ಹಾಲು ಮಾರುವ ಒಬ್ಬ ಹೆಂಗಸಿನ ಮನೆ. ಚಾಚಾಗೆ ಆಗ ಕಣ್ಣು ಪೂರಾ ಮಂಜಾಗಿದ್ದರಿಂದ ಅವರ ಹಿರಿಮಗನೇ ನನ್ನ ನಕ್ಷೆ ನೋಡಿ ಕಟ್ಟಿದ. ಒಕ್ಕಲಾದ ದಿನ ಎಮ್ಮೆ ತಂದು ಕಟ್ಟಿದರೆ, ಅದಕ್ಕೆ ಗ್ವಾದಲಿಯ ಮೇವು ನಿಲುಕಲೊಲ್ಲದು. ಕತ್ತು ಚಾಚಿ ಚಾಚಿ ಸೋತು ನನ್ನ ಕಡೆಗೇ ತಿರುಗಿ ನಿಂತಿತು.

ಅಷ್ಟರಲ್ಲಿ ಕಣ್ಣಿನ ಆಪರೇಶನ್ ಮುಗಿಸಿ, ಹಸಿರು ಬಟ್ಟೆ ಕಟ್ಟಿಕೊಂಡು ಚಾಚಾ ಬಂದರು. ಎಮ್ಮೆಯ ಎದೆಯ ಮೇಲೆ ಕೈಯಿಟ್ಟು ಕೇಳಿದರು, "ಈ ಅಳತಿ ಎಲ್ಲಿಂದ ತಂದಿ?"

"ಹತ್ತ ಮನೀದು ಸರಾಸರಿ ತಗದೇನ್ರಿ ಚಾಚಾ."

"ಸರಾಸರಿ ಎಮ್ಮಿ ಯಾರ ಮನ್ಯಾಗ ಕಟ್ಯಾರ ತೋರಸು. ಹೋಗಿ ನೋಡ್ಕೊಂಡ ಬರ್ತೀನಿ."

ಮನೆಯೊಡತಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾಲ್ಕು ಜನರ ಮುಂದೆ ಮಾನ ಕಳೆದರಲ್ಲ ಎಂದು ನನಗೆ ಸಿಟ್ಟೇ ಬಂತು. ಚಾಚಾ ಆ ದಿನವೇ ಗ್ವಾದಲಿ ಒಡೆಸಿ ಗೇಣು ಕೆಳಗಿಳಿಸಿದರು. ಎಮ್ಮೆ ತಿಂದಿತು. ನನ್ನ ಸಿಟ್ಟು ಮಾತ್ರ ಒಂದು ವಾರ ಇಳಿಯಲಿಲ್ಲ.

ವಾರದ ನಂತರ ಅವರೇ ಬಸ್ಸು ಹತ್ತಿ ನನ್ನ ಆಫೀಸಿಗೆ ಬಂದರು. ಕರೆಯದೆಯೇ ಕುರ್ಚಿ ಎಳೆದುಕೊಂಡು ಕೂತರು. "ಒಂದೊಂದ ಅಳತಿಗೂ ಒಬ್ಬ ಮಾಲಕ ಇರ್ತಾನ. ಅವನ್ನ ಕೇಳಬೇಕು. ನಿನ್ನ ಮಷೀನಿಗೆ ಕೇಳಾಕ ಬರತೈತೇನು?"

ಬರುತ್ತದೆ ಎಂದೆ. ಅಂದಿನಿಂದ ಪ್ರತಿ ಸಂತೆಯ ದಿನ ಬಂದು ಹೇಳಿಕೊಟ್ಟರು. ಗ್ವಾದಲಿಯ ಮಾಲಕ ಎಮ್ಮೆಯ ಎದೆ. ಮೆಟ್ಟಿಲಿನದು ಆ ಮನೆಯ ಮುದುಕಿಯ ಮೊಣಕಾಲು. ಒಲೆಯ ಮೇಲಿನ ಬೆಳಕಿಂಡಿ ಎಲ್ಲಿ ಬರಬೇಕೆಂಬುದನ್ನು ರೊಟ್ಟಿ ಬಡಿಯುವವಳು ಕೂತಾಗಲೇ ನೋಡಬೇಕು. ನಾನು ಸರಾಸರಿಗಳನ್ನೆಲ್ಲ ಕಿತ್ತೊಗೆದು ಆ ಜಾಗದಲ್ಲಿ ಪ್ರಶ್ನೆಗಳನ್ನು ಬರೆದೆ.

ಕೆಲಸ ಮುಗಿದ ದಿನ ಮೊದಲ ಪ್ರಶ್ನೆ ಓದಿ ಹೇಳಿದೆ, "ಎಮ್ಮಿ ಎದಿ ಎಷ್ಟ ಎತ್ತರ ಐತಿ?" ಚಾಚಾ ಬೋಳು ಬೆರಳಿನಿಂದಲೇ ಅಂಕಿ ಒತ್ತಿದರು. ಪರದೆಯ ಮೇಲೆ ಗ್ವಾದಲಿ ಇಳಿಯಿತು, ಅದರೊಡನೆ ಪಡಸಾಲೆಯೂ ಇಳಿಯಿತು, ನಾಲ್ಕು ಮೆಟ್ಟಿಲು ಮೂರಾದವು. ಬಹಳ ಹೊತ್ತು ನೋಡಿದರು.

"ನಾ ಹೋದ ಮ್ಯಾಲೂ ಇದು ಕೇಳತೈತೇನು?"

"ಕೇಳತೈತ್ರಿ ಚಾಚಾ."

"ಹಂಗಾದ್ರ ಚಾ ತರಸು," ಎಂದರು.

ಎರಡು ವರ್ಷಕ್ಕೆ ಚಾಚಾ ತೀರಿಕೊಂಡರು. ನನ್ನ ತಂದೆ ಹೋದಾಗ ಅತ್ತಷ್ಟೇ ಅತ್ತೆ. ಕೇಳಿ ತಿಳಿಯುವುದನ್ನು ನನಗೆ ಕಲಿಸಿದವರು ಅವರು.

ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಹಿರಿಮಗ ಆಫೀಸಿಗೆ ಬಂದ. "ನಮ್ಮ ಮನೀನ ಕಟ್ಟಬೇಕಂತೀನ್ರಿ. ಸ್ಲ್ಯಾಬಿನ ಮನಿ ಅಲ್ಲ. ಅಬ್ಬಾನ ಲೆಕ್ಕ ನಿಮ್ಮ ಹಂತ್ಯಾಕ ಐತೆಲ್ರಿ?"

ಕಂಪ್ಯೂಟರ್ ಹಚ್ಚಿದೆ. ಮೊದಲ ಪ್ರಶ್ನೆ ಬಂತು. ಅದನ್ನು ಓದಿ ಅವನು ತಲೆ ತಗ್ಗಿಸಿದ.

"ಎಮ್ಮಿ ಇನ್ನೂ ತಂದಿಲ್ರಿ."

ಅವನೂ ನಗಲಿಲ್ಲ, ನಾನೂ ನಗಲಿಲ್ಲ. ಅವನು ನನ್ನ ಟೇಪು ಇಸಿದುಕೊಂಡು ದನದ ಸಂತೆಗೆ ಹೋದ.