ಮಗಳು ಹೊರಗೆ ಕುಳಿತ ವರ್ಷ

ರಾಯಬಾಗದ ಹತ್ತಿರ ನಮ್ಮದು ವೀಳ್ಯದೆಲೆಯ ತೋಟ. ಮುಟ್ಟಾದ ಹೆಣ್ಣಿನ ನೆರಳು ಬಿದ್ದರೆ ಬಳ್ಳಿ ಒಣಗುತ್ತದೆ ಎಂದು ನಮ್ಮ ಅತ್ತೆ ನಂಬಿದ್ದರು. ಆ ದಿನಗಳಲ್ಲಿ ನಮಗೆ ತೋಟವಿಲ್ಲ, ಅಡುಗೆಮನೆಯಿಲ್ಲ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಂದು ಚಾಪೆ, ಬೇರೆ ತಾಟು. ಮದುವೆಯಾಗಿ ಬಂದಾಗಿನಿಂದ ಆ ಕೋಣೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮಗಳು ಹತ್ತನೇ ಇಯತ್ತೆ ಓದುತ್ತಿದ್ದ ವರ್ಷ ಪದೇ ಪದೇ ಹೊರಗೆ ಕೂರತೊಡಗಿದಳು. ಸ್ನಾನ ಮಾಡಿ ಒಳಗೆ ಬಂದು ವಾರ ಕಳೆಯುವುದರೊಳಗೆ ಮತ್ತೆ ಅದೇ ಚಾಪೆ. ಹುಡುಗಿಗೆ ಏನೋ ದೊಡ್ಡ ರೋಗವೇ ಬಂದಿದೆ ಎಂದುಕೊಂಡೆ. ಚಿಕ್ಕೋಡಿಯ ಲೇಡಿ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ, ಯಾರನ್ನೂ ಮುಟ್ಟಬಾರದ ಹುಡುಗಿ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅವ್ವಾ, ಡಾಕ್ಟರ್ ಬ್ಯಾಡ. ನಾ ಸುಳ್ಳ ಹೇಳೇನಿ.”

ಹೊಡೆಯಲು ಕೈ ಎತ್ತಿದೆ. “ಯಾಕ?”

“ಅಲ್ಲಿ ಕುಂತಾಗಷ್ಟ ಯಾರೂ ನನ್ನ ಕರಿಯೂದಿಲ್ಲ. ನೀರ ತಾ, ಎಲಿ ಕಟ್ಟ, ರೊಟ್ಟಿ ಬಡಿ ಅನ್ನೂದಿಲ್ಲ. ನೀನೂ ಅನ್ನೂದಿಲ್ಲ.”

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ನಾನು ಶಾಪ ಹಾಕುತ್ತಿದ್ದ ಕೋಣೆ ನನ್ನ ಮಗಳಿಗೆ ತವರಾಗಿತ್ತು.

ಚಿಕ್ಕೋಡಿ ಬಸ್ಸು ಬಂದು ಹೋಯಿತು. ನಾವು ಹತ್ತಲಿಲ್ಲ. ಮನೆಗೆ ಮರಳಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಡಾಕ್ಟರ್ ಏನಂದ್ರು?”

“ಪರೀಕ್ಷಾ ಮುಗಿಯೂತನಕ ಹಿಂಗ ಆಗತೈತಂತ್ರಿ,” ಎಂದೆ. “ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ ಅಂದಾರ.”