ಅಕ್ಕನ ಪಿಸ್ತೂಲಿಗೆ ಮೂರನೆಯ ಕೈ

ಇವತ್ತು ಬೆಳಿಗ್ಗೆ ಮಗಳಿಗೆ ಜಡೆ ಹಾಕೋಣವೆಂದು ಕೊಬ್ಬರಿ ಎಣ್ಣೆ ಬಾಟಲಿ ತೆಗೆದರೆ ಎಣ್ಣೆ ತುಪ್ಪದಂತೆ ಗಟ್ಟಿಯಾಗಿ ಕೂತಿತ್ತು. ಈ ಸಲ ಚಳಿ ಜಾಸ್ತಿ. ಬಾಟಲಿಯನ್ನು ತಾರಸಿಯ ಗೋಡೆಯ ಮೇಲೆ ಬಿಸಿಲಿಗಿಟ್ಟು ಬಂದೆ. ಅರ್ಧ ಗಂಟೆಯ ಮೇಲೆ ಹೋಗಿ ಮುಚ್ಚಳ ತೆರೆದೆ. ಬೆಚ್ಚಗಿನ ಎಣ್ಣೆಯ ವಾಸನೆ ಮುಖಕ್ಕೆ ಬಂತು. ಎಲ್ಲರಿಗೂ ಅದು ತಲೆಸ್ನಾನದ, ಹಬ್ಬದ ವಾಸನೆ. ನನಗೆ ಮಾತ್ರ ಕೈಕಾಲು ತಣ್ಣಗಾಗುತ್ತವೆ...

ಬೆಂಗಳೂರಿನ ಬಾಗಲಗುಂಟೆಯ ಈ ಮನೆಗೆ ನಾವು ಬಾಡಿಗೆಗೆ ಬಂದಾಗ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಒಬ್ಬ ಅಕ್ಕ ಇದ್ದರು. ಹಾವೇರಿ ಕಡೆಯವರು. ಮದುವೆಯಾಗಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವುದು ಅವರ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತಂತೆ. ಭಾನುವಾರ ಒಂದು ಕಪ್ಪು ಪೆಟ್ಟಿಗೆ ಹಿಡಿದು ಸ್ಕೂಟರಿನಲ್ಲಿ ಹೋಗಿಬಿಡುತ್ತಿದ್ದರು. ಹೊಲಿಗೆ ಸಾಮಾನಿರಬೇಕು ಅಂದುಕೊಂಡಿದ್ದೆ. ಒಂದು ದಿನ ಸಾಂಬಾರು ಕೊಡಲು ಹೋದಾಗ ಪೆಟ್ಟಿಗೆ ತೆರೆದಿತ್ತು. ಒಳಗೆ ಪಿಸ್ತೂಲು. ನನ್ನ ಕೈಯಲ್ಲಿದ್ದ ಪಾತ್ರೆ ಬೀಳದೆ ಉಳಿದದ್ದು ಶಿವನ ದಯೆ.

ಯಾರನ್ನೂ ಹೊಡೆಯುವುದಕ್ಕಲ್ಲ, ಗುರಿ ಹೊಡೆಯುವ ಸ್ಪರ್ಧೆಗೆ ಅಂತ ವಿವರಿಸಿದರು. ಲೈಸೆನ್ಸ್ ತೋರಿಸಿದರು. ಸಣ್ಣ ಗುಂಡು, ಹುರುಳಿಕಾಯಿಯ ತುಂಡಿನಷ್ಟು. ಆದರೆ ಅದರ ಮಸಿ ವಿಪರೀತ, ಪ್ರತಿ ಸಲ ಬಿಚ್ಚಿ ತೊಳೆಯಲೇಬೇಕು. ಬಿಚ್ಚುವುದೇ ಕಷ್ಟ, ಜೋಡಿಸುವುದು ಅದಕ್ಕಿಂತ ಕಷ್ಟ. ಸ್ಪ್ರಿಂಗನ್ನು ಒತ್ತಿ ಹಿಡಿದು, ಗುಂಡಿನ ಹಿಂದೆ ಮುಚ್ಚಿಕೊಳ್ಳುವ ಬೋಲ್ಟನ್ನು ಅದರ ಜಾಗಕ್ಕೆ ತಂದು, ಅಷ್ಟರಲ್ಲಿ ಪಿನ್ನು ತೂರಿಸಬೇಕು. ಒಂದು ಕೂತರೆ ಇನ್ನೊಂದು ಜಾರುತ್ತಿತ್ತು.

"ನೋಡವಾ, ಈ ಹಟಮಾರಿಗೆ ಮೂರು ಕೈ ಬೇಕು. ದೇವರು ನನಗ ಎರಡ ಕೊಟ್ಟಾನ. ಮೂರನೇದು ನೀ ಆಗು" ಅಂದರು.

ಒಲ್ಲೆ ಅನ್ನಲಾಗಲಿಲ್ಲ. ನನ್ನ ಬಾಣಂತನದಲ್ಲಿ ದಿನಾ ನೀರು ಕಾಯಿಸಿಕೊಟ್ಟ ಜೀವ ಅದು. ಕಣ್ಣು ಮುಚ್ಚಿಕೊಂಡು ಹಿಡಿದೆ, ಬಾಯಲ್ಲಿ ಪಂಚಾಕ್ಷರಿ.

"ಕಣ್ಣು ಮುಚ್ಚಿ ಹಿಡದ್ರ ಹೆಂಗ? ಅದೇನು ಹಾವಲ್ಲ."

"ಹಾವಾದ್ರೆ ಬುಸ್ ಅಂತಾದ್ರೂ ಹೇಳತ್ತೆ ಅಕ್ಕ."

ಅವರು ಎಷ್ಟು ಹೊತ್ತು ನಕ್ಕರೋ. ಆಮೇಲೆ ನಗು ನಿಲ್ಲಿಸಿ ಎರಡು ನಿಯಮ ಹೇಳಿದರು. ಪಿಸ್ತೂಲಿನ ಮೂತಿ ಯಾವಾಗಲೂ ಮೂಲೆಯಲ್ಲಿಟ್ಟ ಮರಳಿನ ಬಕೆಟ್ಟಿನ ಕಡೆಗೇ ಇರಬೇಕು, ಅಪ್ಪಿತಪ್ಪಿ ಹಾರಿದರೂ ಗುಂಡು ಮರಳಿಗೆ ಹೋಗಲಿ ಅಂತ. ಕೈ ಹಾಕುವ ಮೊದಲು ಗುಂಡು ತುಂಬುವ ಪಟ್ಟಿ ಹೊರಗೆ ತೆಗೆದು, ಬೋಲ್ಟು ಹಿಂದಕ್ಕೆಳೆದು, ನಳಿಕೆಯ ಬುಡ ಬರಿದಾಗಿದೆಯಾ ಅಂತ ಇಬ್ಬರೂ ನೋಡಬೇಕು.

"ಖಾಲಿ ಅದ ಅಂತ ಯಾರರ ಅಂದ್ರ ನಂಬಬ್ಯಾಡ. ನಾ ಅಂದ್ರೂ ನಂಬಬ್ಯಾಡ. ಕಣ್ಣಿಲೆ ನೋಡು."

ಹೀಗೆ ಎಷ್ಟೋ ಭಾನುವಾರ ನಾನು ಮೂರನೆಯ ಕೈಯಾದೆ. ಭಯ ಕಡಿಮೆಯಾಯಿತು ಅಂತ ಸುಳ್ಳು ಹೇಳಲಾರೆ, ಅಭ್ಯಾಸವಾಯಿತು ಅಷ್ಟೆ.

ಆ ವರ್ಷ ಆಯುಧ ಪೂಜೆಗೆ ಅಕ್ಕ ಪಿಸ್ತೂಲನ್ನು ಒರೆಸಿ, ಬೋಲ್ಟು ತೆರೆದೇ ಮಣೆಯ ಮೇಲಿಟ್ಟಿದ್ದರು. "ಕುಂಕುಮ ಬ್ಯಾಡ, ಒಳಗ ಹೋಗ್ತದ. ಹೂವು ಇಡು ಸಾಕು" ಅಂದರು. ಇಟ್ಟೆ. ಕಾಯಿ ಒಡೆಯಲು ಅವರು ಹೊರಗೆ ಹೋದರು. ಆವತ್ತು ಬೆಳಿಗ್ಗೆ ತಾನೇ ನಾನು ನನ್ನ ಹೊಲಿಗೆ ಮಿಷನ್ನಿಗೆ, ಈಳಿಗೆ ಮಣೆಗೆ, ಬಾಗಿಲ ಕೀಲಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಹಬ್ಬದ ದಿನ ಇದೊಂದು ಒಣಗಿಕೊಂಡಿದೆಯಲ್ಲ ಅನ್ನಿಸಿತು. ದೀಪದ ಪಕ್ಕದ ಬಟ್ಟಲಿನಿಂದ ನಾಲ್ಕು ಹನಿ ಒಳಗೆ ಬಿಟ್ಟೆ. ಪುಣ್ಯದ ಕೆಲಸ ಮಾಡಿದಂತೆ ಕೈ ಮುಗಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳುವಂಥದ್ದು ಅಂತಲೇ ತೋಚಲಿಲ್ಲ...

ಅದಾದ ವಾರದಲ್ಲೇ ಅವರ ತಾಯಿ ಹಾಸಿಗೆ ಹಿಡಿದರು. ಅಕ್ಕ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಊರಿಗೆ ಹೋದರು. ತಾಯಿಯ ಕಾರ್ಯ ಮುಗಿಸಿ ವಾಪಸು ಬರುವಾಗ ಚಳಿ ಹೀಗೇ ಕೊರೆಯುತ್ತಿತ್ತು. ಬಂದ ಮೊದಲ ಭಾನುವಾರವೇ ಗುರಿ ಹೊಡೆಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಕರೆದರು. ಮಗಳನ್ನು ಅವಳಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಅದೊಂದು ಪುಣ್ಯ.

ಪತ್ರಿಕೆ ಹಾಸಿ ಪಿಸ್ತೂಲು ಇಟ್ಟುಕೊಂಡು ಅಕ್ಕ ಬೆವರುತ್ತಿದ್ದರು. ಗುಂಡಿನ ಪಟ್ಟಿ ಹೊರಗೆ ಬಂದಿತ್ತು. ಬೋಲ್ಟು ಮಾತ್ರ ಮುಚ್ಚಿಕೊಂಡು ಕೂತಿತ್ತು, ಎಷ್ಟೆಳೆದರೂ ಜಗ್ಗದು. ಗುರಿ ಹೊಡೆಯುವ ಜಾಗದಲ್ಲೂ ಅದು ಬಿಟ್ಟುಕೊಂಡಿರಲಿಲ್ಲವಂತೆ. ಖಾಲಿ ಅಂತ ಅಕ್ಕ ಹೇಳಿದ್ದಾರೆ, ಅಕ್ಕನ ಮಾತೆಂದು ಅಲ್ಲಿಯವರು ಕಳಿಸಿದ್ದಾರೆ. ಪಕ್ಕದಲ್ಲಿ ಮರದ ಸುತ್ತಿಗೆ ಇತ್ತು.

"ಮುಂದ ಗಟ್ಟಿ ಹಿಡಿ. ಒಂದೇಟು ಕೊಟ್ರ ಬಿಡ್ತದ."

"ಒಳಗೆ ನೋಡಿಲ್ಲವಲ್ಲ ಅಕ್ಕ."

"ಮುಚ್ಚಿಕೊಂಡು ಕುಂತದ, ಹೆಂಗ ನೋಡ್ತೀ? ಐದು ಹೊಡದೀನಿ, ಐದು ಎಣಿಸೀನಿ. ಖಾಲಿ ಅದ."

ಗುರಿಯ ಕಾರ್ಡು ಅಲ್ಲೇ ಬಿದ್ದಿತ್ತು. ಅದರಲ್ಲಿ ನಾಲ್ಕೇ ತೂತು. ಬೆರಳಿಟ್ಟು ತೋರಿಸಿದೆ.

"ಒಂದು ತೂತಿನಾಗ ಎರಡು ಹೋಗ್ಯಾವ. ನನಗೇನು ಇದು ಹೊಸದಲ್ಲ" ಅಂದರು. ಧ್ವನಿ ಗಡುಸಾಗಿತ್ತು. "ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?"

ತಾಯಿಯನ್ನು ಕಳಕೊಂಡು ಬಂದವರು. ಅವರ ಮನಸ್ಸು ನೋಯಿಸಬಾರದೆಂದು ಕೈ ಚಾಚಿ ನಳಿಕೆ ಹಿಡಿದೆ. ಅಕ್ಕ ಸುತ್ತಿಗೆ ಎತ್ತಿದರು. ಆಗ ಬಂತು ಆ ವಾಸನೆ. ಅಷ್ಟು ಹೊತ್ತು ಅವರು ಅಂಗೈಯಲ್ಲಿ ಹಿಡಿದು ಎಳೆದಾಡಿದ್ದರಿಂದ ಕಬ್ಬಿಣ ಬೆಚ್ಚಗಾಗಿತ್ತು. ಮಸಿಯ ಘಾಟಿನ ನಡುವೆ ತೆಳ್ಳಗೆ, ಕೊಬ್ಬರಿ ಎಣ್ಣೆ.

ಆ ಎಣ್ಣೆ ನನ್ನದು. ಚಳಿಗೆ ಗಟ್ಟಿಯಾಗಿ ಬೋಲ್ಟನ್ನು ಕಚ್ಚಿಕೊಂಡಿದೆ. ಹಾಗಿದ್ದರೆ ಒಳಗೆ ಇನ್ನೇನೇನು ನಿಂತು ಹೋಗಿದೆಯೋ... ಗುಂಡಿನ ಭಯ ಒಂದು ಕಡೆ, ಹೇಳಿದರೆ ಅಕ್ಕ ನನ್ನ ಮುಖ ನೋಡುತ್ತಾರೋ ಇಲ್ಲವೋ ಅನ್ನುವ ಭಯ ಇನ್ನೊಂದು ಕಡೆ. ಕೈ ತಾನಾಗಿ ಹಿಂದಕ್ಕೆ ಬಂತು.

"ಹೊಡೀಬೇಡಿ ಅಕ್ಕ. ಬಿಸಿಲಿಗೆ ಇಡೋಣ. ಹಬ್ಬದ ದಿನ ನಾನು ಅದರೊಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ."

ಸುತ್ತಿಗೆ ಹಾಗೇ ನಿಂತಿತು. ಅವರು ಬೈಯಲಿಲ್ಲ. ಪಿಸ್ತೂಲನ್ನು ಮೂಗಿನ ಹತ್ತಿರ ತಂದರು, ಮೂತಿ ಆಗಲೂ ಬಕೆಟ್ಟಿನ ಕಡೆಗೇ. ಬಕೆಟ್ಟನ್ನು ಹೊರಗೆ ಒಯ್ದು ತಾರಸಿಯ ಮೂಲೆಗಿಟ್ಟೆವು. ಅದಕ್ಕೆ ಎದುರಾಗಿ ಬಿಸಿಲಿನಲ್ಲಿ ಪಿಸ್ತೂಲು ಮಲಗಿತು. ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿ ಬಂದು ಹಿಂದೆ ಕೂತೆ. ಕೆಳಗೆ ಯಾವುದೋ ಮಗು ಅತ್ತರೂ ನನ್ನ ಮಗಳೇ ಬಂದಳೇನೋ ಅಂತ ಜೀವ ಹಾರುತ್ತಿತ್ತು.

"ನಿನ್ನ ಶಿವಗ ಹೇಳು, ಬಿಸಿಲು ಒಂಚೂರು ಜಾಸ್ತಿ ಮಾಡು ಅಂತ" ಅಂದರು ಅಕ್ಕ. ನನಗೆ ನಗು ಬರಲಿಲ್ಲ. ಅವರಿಗೂ ಬಂದಿರಲಿಲ್ಲ. ಕಾರ್ಡನ್ನು ಬಿಸಿಲಿಗೆ ಹಿಡಿದು ಆ ನಾಲ್ಕು ತೂತುಗಳನ್ನೇ ನೋಡುತ್ತಿದ್ದರು.

ಒಂದು ಗಂಟೆಯಾಗಿರಬೇಕು. ಅಕ್ಕ ಹಿಂದಿನಿಂದ ಹೋಗಿ, ಪಕ್ಕದಲ್ಲಿ ಮಂಡಿಯೂರಿ, ಬೋಲ್ಟು ಎಳೆದರು. ಮೊದಲು ಅರ್ಧ, ಆಮೇಲೆ ಪೂರ್ತಿ. ಟಣ್ ಅಂತ ಏನೋ ತಾರಸಿಯ ಮೇಲೆ ಬಿದ್ದು ಉರುಳಿತು.

ಗುಂಡು. ಇಡೀ ಗುಂಡು.

ಅಕ್ಕ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಈ ಗುಂಡಿಗೆ ಹಿಂದಿನ ಅಂಚಿನ ಮೇಲೆ ಜೋರಾಗಿ ಪೆಟ್ಟು ಬಿದ್ದರೆ ಮಾತ್ರ ಹೊತ್ತಿಕೊಳ್ಳುವುದು. ಅಂಚಿನಲ್ಲಿ ಉಗುರು ತಾಗಿಸಿದಷ್ಟು ಗುರುತಿತ್ತು. ಜಿಡ್ಡಿನಿಂದ ಪೆಟ್ಟು ನಿಧಾನವಾಗಿದೆ, ಐದನೆಯದು ಹಾರಿಲ್ಲ. ಕಿವಿ ಮುಚ್ಚಿಕೊಂಡು, ಅಕ್ಕಪಕ್ಕ ಹೊಡೆಯುವವರ ಸದ್ದಿನ ನಡುವೆ, ಹಾರಿತು ಅಂತ ಅಕ್ಕ ಅಂದುಕೊಂಡಿದ್ದಾರೆ. ಆ ನಳಿಕೆಗೆ ನಾನು ಅಂಗೈ ಸುತ್ತಿದ್ದೆ. ಅಲ್ಲೇ ಕೂತುಬಿಟ್ಟೆ.

"ತಪ್ಪಾಯ್ತು ಅಕ್ಕ" ಅಂತ ಅತ್ತೆ.

ಗುಂಡನ್ನು ಕಾರ್ಡಿನ ಮೇಲಿಟ್ಟು ಅವರು ಅಂದರು: "ಎಣ್ಣಿ ತಪ್ಪು ನಿಂದು. ಖಾಲಿ ಅದ ಅಂದದ್ದು ನಂದು."

ಆವತ್ತೇ ಕೂತು ಪಿಸ್ತೂಲು ಬಿಚ್ಚಿದೆವು. ಮೊದಲು ಇಬ್ಬರೂ ಒಳಗೆ ನೋಡಿದೆವು, ಎರಡೆರಡು ಸಲ. ಒಂದೊಂದು ಭಾಗವನ್ನೂ ಅಕ್ಕ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು. ನಳಿಕೆಯಲ್ಲಿ ತೂರಿಸಿದ ಬಟ್ಟೆ ಚೂರುಗಳು ಕಪ್ಪಾಗಿ, ಆಮೇಲೆ ಬೂದುಬಣ್ಣವಾಗಿ, ಕೊನೆಗೆ ಬೆಳ್ಳಗೇ ಬಂದವು. ಜೋಡಿಸುವಾಗ ನಾನು ಮತ್ತೆ ಮೂರನೆಯ ಕೈಯಾದೆ. ಆವತ್ತು ಆ ಹಟಮಾರಿ ಒಂದೇ ಸಲಕ್ಕೆ ಕೂತಿತು.

ಮರುದಿನ ಅಕ್ಕ ರಜೆ ಹಾಕಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಪಿಸ್ತೂಲು ಒಪ್ಪಿಸಿ ಬಂದರು. ನಾನು ಎಷ್ಟು ಬೇಡಿಕೊಂಡೆ. ನನ್ನಿಂದ ಆದದ್ದು, ನೀವ್ಯಾಕೆ ಬಿಡುತ್ತೀರಿ ಅಂತ. "ದಿನಾ ಅಳತಿ ನೋಡಾಕಿ ನಾನು. ಕಾರ್ಡಿನಾಗ ನಾಕು ಕಂಡ್ರೂ ಐದು ಅಂದೆ. ಇನ್ನ ಅದನ್ನ ಮುಟ್ಟಬಾರದವಾ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಮನೆಯ ಸಾಂಬಾರು ಬೇಡ ಅನ್ನಲೂ ಇಲ್ಲ. ಅದನ್ನೂ ನಾನು ಲೆಕ್ಕಕ್ಕಿಟ್ಟುಕೊಂಡಿದ್ದೇನೆ, ದೇವರು ಕೊಟ್ಟದ್ದರ ಲೆಕ್ಕಕ್ಕೆ. ಆದರೆ ಭಾನುವಾರ ಬಂದರೆ ಅವರು ತಾರಸಿಯಲ್ಲಿ ಸುಮ್ಮನೆ ನಿಂತಿರುತ್ತಿದ್ದರು, ಬಲಗೈ ಬೆರಳು ಮಡಿಸಿ ಬಿಡಿಸಿ...

ನಿವೃತ್ತಿಯಾಗಿ ಊರಿಗೆ ಹೋದರು. ಹೋದ ವರ್ಷ ಅವರ ತಮ್ಮನ ಹೆಂಡತಿ ಫೋನು ಮಾಡಿ, ಅಕ್ಕ ಹೋಗಿಬಿಟ್ಟರು ಅಂದರು. ಜ್ವರವಂತೆ, ಎರಡೇ ದಿನ. ನರಳಲಿಲ್ಲವಂತೆ.

ಅವರ ಬಕೆಟ್ಟು ಇನ್ನೂ ತಾರಸಿಯ ಮೂಲೆಯಲ್ಲಿದೆ. ಅದೇ ಮರಳಿಗೆ ಮಣ್ಣು ಬೆರೆಸಿ ದೊಡ್ಡಪತ್ರೆ ಹಾಕಿದ್ದೇನೆ, ಚೆನ್ನಾಗಿ ಹಬ್ಬಿದೆ. ಇವತ್ತು ಕರಗಿದ ಎಣ್ಣೆ ಎತ್ತಿಕೊಂಡು ಬರುವಾಗ ಮಗಳು ಅದರ ಎದುರಿನಿಂದಲೇ ಓಡಿಬಂದು ಬೆನ್ನು ಕೊಟ್ಟು ಕೂತಳು, ಜಡೆ ಹಾಕು ಅಂತ. ನಾನು ಮಾತ್ರ, ಪಿಸ್ತೂಲು ಇನ್ನೂ ಅಲ್ಲೇ ಇದ್ದಂತೆ, ಬಕೆಟ್ಟಿನ ಎದುರು ಹಾಯದೆ, ಎಂದಿನಂತೆ ಗೋಡೆಯ ಪಕ್ಕದಿಂದ ಸುತ್ತಿಕೊಂಡು ಅವಳ ಹತ್ತಿರ ಹೋದೆ.