ಲಿವರ್ ಮೇಲಿನ ಕೈ

ಮನಾಡೋ ಊರಿನ ಮಿನಿಬಸ್ ಡ್ರೈವರುಗಳಿಗೆ ಕ್ಯಾಪ್ಟನ್ ಯೋಪಿ ರುಂಬಯಾನ್ ಎಂದರೆ ತಲೆನೋವು. ಊರಿಗೆಲ್ಲ ಅವರು 'ಓಮ್', ಅಂದರೆ ಮಾಮ. ಅವರು ಮುಂದಿನ ಸೀಟೇ ಬೇಕೆನ್ನುತ್ತಿದ್ದರು. ಇಳಿಜಾರು ಬಂದರೆ ಸಾಕು, ಅವರ ಬಲಗೈ ತಾನಾಗಿಯೇ ಹೋಗಿ ಗೇರಿನ ಮೇಲೆ ಕೂರುತ್ತಿತ್ತು.

"ಓಮ್, ಗೇರು ನಂದು! ನಿಮ್ಮದು ಬೇಕಾದ್ರೆ ವಿಮಾನಕ್ಕೆ ಹೋಗಿ ಹಿಡ್ಕೊಳ್ಳಿ" ಎಂದು ಒಬ್ಬ ರೇಗಿದಾಗ ನಾನು ಹಿಂದಿನ ಸೀಟಿನಲ್ಲಿ ನಗು ತಡೆಯಲಾರದೆ ಕೂತಿದ್ದೆ. ಮನೆಯಲ್ಲೂ ಅದೇ ಕಥೆ. ಟೀವಿ ನೋಡುವಾಗ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದರು. "ಯೋಪಿ, ಆ ಕುರ್ಚಿ ಎಲ್ಲಿಗೂ ಹಾರಲ್ಲ ಮಾರಾಯ, ಕೈ ಬಿಡು" ಎನ್ನುತ್ತಿದ್ದರು ಅವರ ಹೆಂಡತಿ, ನಮಗೆಲ್ಲ ಡೆಟ್ಟಿ ತಾಂತೆ, ಅಂದರೆ ಅತ್ತೆ.

ನಾನು ಆಗ ಅವರ ಪಕ್ಕದ ಸೀಟಿನ ಪೈಲಟ್. ಅವರ ಬಾಯಲ್ಲಿ ನಾನು 'ನೋನಿ', ಅಂದರೆ ಮನೆಯ ಹುಡುಗಿ. ಆ ಕೈಯ ಕಥೆ ನಮ್ಮ ಪೈಲಟ್‌ಗಳಿಗೆಲ್ಲ ಗೊತ್ತಿತ್ತು. ಅವರ ಎದುರು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ನೋಲ್ಡಿ ಅವರ ಗೆಳೆಯ. ಇಬ್ಬರೂ ತೊಮೊಹೋನಿನ ಒಂದೇ ಬೀದಿಯಲ್ಲಿ ಬೆಳೆದು, ಒಟ್ಟಿಗೆ ಹಾರಲು ಕಲಿತವರು. ವರ್ಷಗಳ ಹಿಂದೆ ಒಂದು ದಿನ, ಮುಂದೆ ನೋಲ್ಡಿಯ ವಿಮಾನ, ಹಿಂದೆ ಇವರದು. ಎರಡೂ ನಮ್ಮೂರಿಗೇ ಇಳಿಯುತ್ತಿದ್ದವು. "ಯೋಪಿ, ಮೀನು ಸುಡೋಕೆ ಹೇಳು. ನಾನೇ ಮೊದ್ಲು ಬರೋದು" ಎಂದು ನೋಲ್ಡಿ ರೇಡಿಯೋದಲ್ಲಿ ಛೇಡಿಸಿದ. ಇವರ ಕಿವಿಗೆ ಬಿದ್ದ ಅವನ ಕೊನೆಯ ಮಾತು ಅದೇ.

ಇಂಜಿನ್ನಿನ ಬಲವನ್ನು ಏರಿಸಿ ಇಳಿಸುವ ಲಿವರ್‌ಗಳನ್ನು ಈಗ ಯಂತ್ರವೇ ನಡೆಸುತ್ತದೆ. ಅಂದು ಅದಕ್ಕೆ ಎತ್ತರದ ಲೆಕ್ಕ ತಪ್ಪಿತು. ಇನ್ನೂ ಗಾಳಿಯಲ್ಲಿರುವಾಗಲೇ ನೆಲ ಬಂತೆಂದು ತಿಳಿದು ಲಿವರ್‌ಗಳನ್ನು ಪೂರ್ತಿ ಹಿಂದಕ್ಕೆಳೆಯಿತು. ಯಂತ್ರ ಏನು ಮಾಡುತ್ತಿದೆ ಎನ್ನುವುದು ಪರದೆಯ ಮೇಲ್ತುದಿಯಲ್ಲಿ ಹಸಿರು ಅಕ್ಷರದಲ್ಲಿ ಬರುತ್ತದೆ. ಒಬ್ಬರು ಅದನ್ನು ಓದಿದರೆ ಇನ್ನೊಬ್ಬರು ನೋಡಿ 'ಚೆಕ್ಡ್' ಎನ್ನಬೇಕು. ದಿನಾ ಹೇಳಿ ಹೇಳಿ ಅದು ಚರ್ಚಿನ ಆಮೆನ್ ಆಗಿಬಿಡುತ್ತದೆ, ಕಣ್ಣಿಗಿಂತ ಮೊದಲು ಬಾಯಿ ಹೇಳಿರುತ್ತದೆ. ಅಂದೂ ಒಬ್ಬರು ಓದಿದರು, ಇನ್ನೊಬ್ಬರು ಚೆಕ್ಡ್ ಎಂದರು. ನೋಲ್ಡಿಯ ಕೈ ತೊಡೆಯ ಮೇಲಿತ್ತು. ವೇಗ ಕಳೆದುಕೊಂಡ ವಿಮಾನ ರನ್‌ವೇ ಮುಟ್ಟುವ ಮೊದಲೇ ಕಡಲಿಗೆ ಬಿತ್ತು.

"ಕೈ ಇಟ್ಟಿದ್ರೆ ಗೊತ್ತಾಗ್ತಿತ್ತು. ಕೈ ಯಾಕೆ ಇಡ್ಲಿಲ್ಲ ಆ ಕತ್ತೆ?" ಕುಡಿದಾಗ ಓಮ್ ಯೋಪಿ ಕೇಳುತ್ತಿದ್ದುದು ಇದೊಂದೇ. ಅಂದಿನಿಂದ ಪ್ರತಿ ಸಲ ಇಳಿಯುವಾಗಲೂ ಅವರು ಆ ಯಂತ್ರವನ್ನು ಆಫ್ ಮಾಡಿ, ಲಿವರ್‌ಗಳನ್ನು ತಾವೇ ನಡೆಸುತ್ತಿದ್ದರು. ಹಾವು ಕಡಿದವನಿಗೆ ಹಗ್ಗವೂ ಹಾವೇ. ಆದರೆ ಕಂಪನಿಯ ನಿಯಮ ಬೇರೆ, ಮತ್ತು ವಿಮಾನ ತನ್ನೊಳಗೆ ನಡೆದದ್ದನ್ನೆಲ್ಲ ಬರೆದಿಟ್ಟುಕೊಂಡು ಚಾಡಿ ಹೇಳುತ್ತದೆ.

ಜಾವಾದಿಂದ ಪರೀಕ್ಷಕ ಹರ್ಯಾಂತೊ ಬಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು, ಹೆಸರಿಗೆ ಮೊದಲು 'ಪಾಕ್' ಎಂಬ ಮರ್ಯಾದೆ.

"ಪಾಕ್ ಯೋಪಿ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಒಂದೇ ಒಂದು ಸಲ ಯಂತ್ರ ಆಫ್ ಮಾಡದೆ ಇಳಿಸಿ ತೋರಿಸಿ. ಕಾರಣ ಇಲ್ದೆ ಆಫ್ ಮಾಡಿದ್ರೆ... ನಮಗೂ ಬೇಜಾರೇ, ನೀವು ಆಮೇಲೆ ಮನೇಲಿ ಇರಬೇಕಾಗುತ್ತೆ."

ಹಾರಾಟ ಬಿಟ್ಟು ಬೇರೆ ಬದುಕು ಗೊತ್ತಿಲ್ಲದ ಮನುಷ್ಯ. ಡೆಟ್ಟಿ ತಾಂತೆ ನನ್ನ ಕೈ ಹಿಡಿದು, "ಅವನ್ನ ಗೆಲ್ಲಿಸ್ಕೊಂಡು ಬಾ ನೋನಿ" ಎಂದರು.

ಮಧ್ಯಾಹ್ನದ ಬಿಸಿಲಿನಲ್ಲಿ ಕ್ಲಾಬಟ್ ಬೆಟ್ಟ ಕಂಡಿತು. ಹರ್ಯಾಂತೊ ನಮ್ಮ ಹಿಂದೆ ಕೂತಿದ್ದರು. ನಾನು ಹಸಿರು ಅಕ್ಷರ ಓದಿದಂತೆಲ್ಲ ಓಮ್ ಪರದೆಯ ಗಾಜಿನ ಮೇಲೆ ಬೆರಳಿಟ್ಟು 'ಚೆಕ್ಡ್' ಎನ್ನುತ್ತಿದ್ದರು. ಬೆರಳು ತೆಗೆದರೆ ಕೈ ಮತ್ತೆ ಲಿವರ್ ಮೇಲೆ. ನೋಲ್ಡಿ ಬಿದ್ದ ಕಡಲು ಹತ್ತಿರವಾದಾಗ ಅವರ ಮುಖ ಬೂದಿಯಾಯಿತು.

"ನೋನಿ, ಲಿವರ್ ಪೂರ್ತಿ ಹಿಂದೆ ಬಂತಾ?"

ನೋಡಿದೆ. ಲಿವರ್ ಇರಬೇಕಾದಲ್ಲೇ ಇತ್ತು.

"ಇಲ್ಲ ಓಮ್. ವೇಗಾನೂ ಸರಿ ಇದೆ."

"ಸರಿಯಾಗಿ ನೋಡು. ಬಾಯಿಮಾತಿಗೆ ಹೇಳ್ಬೇಡ."

"ನೋಡಿದೀನಿ ಓಮ್. ಬಂದಿಲ್ಲ."

ಯಂತ್ರವನ್ನು ಆಫ್ ಮಾಡುವ ಗುಂಡಿ ಅವರ ಹೆಬ್ಬೆರಳ ಕೆಳಗೇ ಇತ್ತು. ಅವರು ಅದನ್ನು ಒತ್ತಲಿಲ್ಲ. ವಿಮಾನ ಹೂವಿನಂತೆ ನೆಲ ಮುಟ್ಟಿತು.

ಹರ್ಯಾಂತೊ ಎದ್ದು ಕೈ ಕುಲುಕಿದರು. ಗೆದ್ದೆವೆಂದು ನಾನು ಕುಣಿಯುವುದೊಂದು ಬಾಕಿ. ಓಮ್ ಎದೆಯ ಮೇಲಿನ ಪೈಲಟ್‌ನ ರೆಕ್ಕೆಯ ಬಿಲ್ಲೆಯನ್ನು ಬಿಚ್ಚಿ ಹರ್ಯಾಂತೊ ಅವರ ಅಂಗೈಗೆ ಹಾಕಿದರು.

"ಹುಚ್ಚಾ ನಿಮ್ಗೆ? ಪಾಸಾದ್ರಲ್ಲ!" ಎಂದು ಕಿರುಚಿದೆ.

"ಕೈ ಇಡ್ಲಿಲ್ಲ ಅಂತ ನೋಲ್ಡಿನ ಇಷ್ಟು ವರ್ಷ ಬೈದೆ ನೋನಿ. ಇವತ್ತು ಕೈ ಇಟ್ಟೇ ಇದ್ದೆ. ಲಿವರ್ ಹಿಂದೆ ಬಂತು. ನನ್ನ ಅಂಗೈ ಆಣೆ, ಬಂತು. ನೀನು ಇಲ್ಲ ಅಂದೆ, ನೀನು ಹೇಳಿದ್ದೇ ನಿಜ." ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿಕೊಂಡರು. "ಈ ಕೈ ನಂಬ್ಕೊಂಡು ಹಿಂದೆ ಅಷ್ಟು ಜನ ಕೂತಿದ್ರಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಡೆಟ್ಟಿ ತಾಂತೆಗೆ ಏನು ಹೇಳಲಿ? ಮನೆಗೆ ಹೋದರೆ ಅವರು ನಮ್ಮಿಬ್ಬರ ತಟ್ಟೆಗೆ ಸುಟ್ಟ ಮೀನು ಬಡಿಸಿದರು.

ಈಗ ಓಮ್ ಮಿನಿಬಸ್ಸಿನಲ್ಲಿ ಹಿಂದೆ ಕೂರುತ್ತಾರೆ. ಹಳೆಯ ಡ್ರೈವರುಗಳು "ಬನ್ನಿ ಓಮ್, ಮುಂದೆ ಬನ್ನಿ, ಗೇರು ನಿಮ್ಮದೇ" ಎಂದು ಕರೆದರೂ ಬೇಡವೆಂದು ತಲೆಯಾಡಿಸಿ, ಎರಡೂ ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಳ್ಳುತ್ತಾರೆ.

ಅವರ ಸೀಟು ನನ್ನದಾಗಿದೆ. ಪಕ್ಕದ ಪೈಲಟ್ ಸುಮ್ಮನೆ 'ಚೆಕ್ಡ್' ಎಂದರೆ, "ಬೆರಳಿಟ್ಟು ತೋರಿಸು" ಎಂದು ಗದರುತ್ತೇನೆ. ಇಳಿಯುವಾಗ ನನ್ನ ಕೈ ಲಿವರ್ ಬಿಟ್ಟು ಕದಲುವುದಿಲ್ಲ. ಕೆಲವು ದಿನ, ಆ ಕಡಲ ಮೇಲೆ, ಅಂಗೈಯ ಕೆಳಗೆ ಅದು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ತಕ್ಷಣ ನೋಡುತ್ತೇನೆ. ಇದ್ದಲ್ಲೇ ಇರುತ್ತದೆ.

ಬಂತಾ ಎಂದು ಪಕ್ಕದವರನ್ನು ನಾನಿನ್ನೂ ಕೇಳಿಲ್ಲ.